ಊರಿನ ಪಾಪ ಉಂಡ ಹಿಡಿಯವ್ವ

ಕೂತ್ಕೊಳ್ರವ್ವ, ಕೂತ್ಕೊಳ್ರಪ್ಪ. ಹುಣಸೆಹಣ್ಣು ಮುಂದಕ್ಕೆ ಎಳ್ಕೊಳ್ಳಿ, ಬೀಜ ಬಿಡಿಸ್ತಾ ಇರಿ. ಕೈ ಕೆಲಸದ ಮೇಲಿರಲಿ, ಕಿವಿ ನನ್ನ ಕಡೆ ಇರಲಿ. ಯಾರಾದ್ರೂ ಒಬ್ರು ಹೂಂಗುಟ್ಟಿ, ಇಲ್ದಿದ್ರೆ ಹೇಳ್ತಾ ಹೇಳ್ತಾ ನಾನೇ ತೂಕಡಿಸ್ಬಿಡ್ತೀನಿ. ಬೆಳಗಿಂದ ಬಗ್ಗಿ ಬಗ್ಗಿ ಸೊಂಟ ಬಿದ್ದು ಹೋಗಿದೆ ನಂಗೆ.

ಯಾವ ಸೀಮೆ ಅಂತ ಕೇಳ್ಬೇಡಿ, ಸೀಮೆಗೆ ಹೆಸರಿಡೋಕೆ ಮುಂಚಿನ ಮಾತು. ಯಾವ ರಾಜ ಅಂತ ಕೇಳ್ಬೇಡಿ, ಅಲ್ಲೊಂದು ಊರಿದೆ ಅಂತ ರಾಜನಿಗೇ ಗೊತ್ತಿರಲಿಲ್ಲ. ಗುಡ್ಡದ ಬುಡದಲ್ಲಿ ಒಂದೂರು. ಊರಿನ ಕೊನೆಗೆ, ಎಲ್ಲಾ ಮನೆ ಮುಗಿದ ಮೇಲೆ, ಒಂದು ಗುಡಿಸಲು. ಆ ಗುಡಿಸಲಲ್ಲಿ ಒಬ್ಬ ಹೆಂಗಸು. ಹೆಸರು ಹಲಗವ್ವ. ಆದ್ರೆ ಹೆಸರು ಹಿಡಿದು ಕರೆಯೋರು ಯಾರೂ ಇರಲಿಲ್ಲ. ಹಿಡಿಯವ್ವ ಅಂತಿದ್ರು.

ಯಾಕೆ ಹಿಡಿಯವ್ವ? ಹೇಳ್ತೀನಿ ಕೇಳಿ.

ಆ ಊರಲ್ಲಿ ಒಂದು ಕಟ್ಟಳೆ. ಯಾರಾದ್ರೂ ತಪ್ಪು ಮಾಡಿದ್ರೆ, ಒಂದು ಹಿಡಿ ರಾಗಿ ಮುಷ್ಟಿಯಲ್ಲಿ ಹಿಡ್ಕೊಂಡು ಈ ಗುಡಿಸಲಿಗೆ ಬರಬೇಕು. ಅವಳ ಕಿವಿಯಲ್ಲಿ ತಪ್ಪು ಏನು ಅಂತ ಪಿಸುಗುಟ್ಟಬೇಕು. ಅವಳ ಅಂಗೈಗೆ ರಾಗಿ ಸುರಿಯಬೇಕು. ಅವಳು ಅಂಗೈ ಮುಚ್ಚಿ, "ನನ್ನದಾಯ್ತು, ನೀ ಹೋಗು" ಅನ್ನಬೇಕು. ಅಷ್ಟೇ. ಬಂದವನು ತಿರುಗಿ ನೋಡ್ದೆ ಮನೆಗೆ ಹೋಗೋದು. ಇವಳು ಆ ರಾಗಿಯನ್ನ ಅವತ್ತೇ ಬೀಸಿ, ಅಂಬಲಿ ಕಾಯಿಸಿ, ಕುಡಿಯೋದು. ಅಲ್ಲಿಗೆ ಆ ಪಾಪ ಅವನದ್ದಲ್ಲ, ಇವಳದ್ದು. ಆ ಊರಿನೋರು ನಂಬಿದ್ದು ಹಂಗೆ. ಅವರ ಅಪ್ಪ ಅಜ್ಜಂದಿರು ನಂಬಿದ್ದೂ ಹಂಗೇ.

ಹಿಡಿಯವ್ವ ಆದೋಳು ಬೇರೆ ಏನೂ ಉಣ್ಣೋ ಹಂಗಿಲ್ಲ. ಅವಳ ಕೈನೀರು ಯಾರೂ ಕುಡಿಯೋ ಹಂಗಿಲ್ಲ. ಅವಳು ನಡೆದ ದಾರಿಗೆ ಸಗಣಿ ನೀರು ಚೆಲ್ತಿದ್ರು. ಹೊಟ್ಟೆಗೆ ಏನಾದ್ರೂ ಬೀಳಬೇಕು ಅಂದ್ರೆ ಊರಲ್ಲಿ ಯಾರಾದ್ರೂ ತಪ್ಪು ಮಾಡಬೇಕು. ಎಂಥ ಬಾಳು ನೋಡಿ. ಆದ್ರೆ ಒಂದು ಹೇಳ್ತೀನಿ, ಅವಳು ಉಪವಾಸ ಬಿದ್ದಿದ್ದು ಕಡಿಮೆ.

ಅಣ್ಣನ ಹೊಲದ ಬದು ಒತ್ತಿದವನು ಬಂದ. "ನನ್ನದಾಯ್ತು, ನೀ ಹೋಗು."

ಅತ್ತೆಗೆ ಅನ್ನ ಇಕ್ಕದೆ ಬಾಗಿಲು ಹಾಕ್ಕೊಂಡು ಉಂಡವಳು ಬಂದ್ಲು. "ನನ್ನದಾಯ್ತು, ನೀ ಹೋಗು."

ಗಾಣದ ಮಾಯಿಗ ಬಂದ. ಇವನು ಹೆಂಡತಿಗೆ ಹೊಡೆಯೋನು. ಒಂದು ಸಲ ಅಲ್ಲ, ಎರಡು ಸಲ ಅಲ್ಲ, ಅಮಾವಾಸ್ಯೆ ಬಂದಂಗೆ ಬರ್ತಾನೇ ಇದ್ದ. "ನನ್ನದಾಯ್ತು ಮಾಯಿಗ, ನೀ ಹೋಗು." ಹೋಗ್ತಿದ್ದ. ಹೋಗೋವಾಗ ಸಿಳ್ಳೆ ಹಾಕ್ಕೊಂಡು ಹೋಗ್ತಿದ್ದ.

ಕೂದಲು ಕಪ್ಪಿದ್ದಾಗ ಹಿಡಿಯವ್ವನ ಮಣೆ ಮೇಲೆ ಕೂತೋಳು ಹಲಗವ್ವ. ಈಗ ಕೂದಲು ಬೆಳ್ಳಗಾಗಿ, ಅದೂ ಉದುರಿ, ನೆತ್ತಿ ಕಾಣ್ತಿತ್ತು. ಅವಳಿಗೆ ಆಗಿದ್ದು ಕಾಯಿಲೆಯಲ್ಲ, ದಣಿವು. ಮಲಗಿದ್ರೂ ಹೋಗದ ದಣಿವು. ಕಣ್ಣು ಮುಚ್ಚಿದ್ರೆ ಕಿವಿಯಲ್ಲಿ ಪಿಸುಪಿಸು. ಯಾರದೋ ಕಳ್ಳತನ, ಯಾರದೋ ಹಾದರ, ಯಾರೋ ಯಾರದೋ ಹಸುವಿಗೆ ಇಕ್ಕಿದ ವಿಷ. ಅಷ್ಟೂ ನನ್ನ ಹೊಟ್ಟೆಯಲ್ಲಿದೆ, ಸತ್ತ ಮೇಲೆ ನರಕದಲ್ಲಿ ನಂಗೆ ಮೇಲೆ ಬರೋ ಮೆಟ್ಟಿಲೇ ಇಲ್ಲ ಅಂದ್ಕೊಂಡಿದ್ಲು. ಅಂದ್ಕೊಂಡು ಸುಮ್ನಾಗಿದ್ಲು. ತನ್ನ ಪಾಲಿಗೆ ಬಂದಿದ್ದು ಅಂತ.

ಒಬ್ಬಳು ಮಗಳಿದ್ಲು ಅವಳಿಗೆ. ಮಂಚಿ. ಮಣೆ ಏರೋ ಮುಂಚೆಯೇ ಮದುವೆಯಾಗಿತ್ತು, ಗಂಡ ಮಗು ಹುಟ್ಟಿದ ವರ್ಷವೇ ಊರು ಬಿಟ್ಟು ಹೋದ, ಅವನ ಸುದ್ದಿ ನಮಗೆ ಬೇಡ. ಮಂಚಿ ಈಗ ದೊಡ್ಡವಳಾಗಿದ್ಲು. ಒಳ್ಳೇ ಹುಡುಗಿ. ನಗೋಳು. ಗುಡ್ಡದಿಂದ ಸೌದೆ ತರೋಳು, ಜೇನು ಬಿಡಿಸೋಳು, ದೂರದ ಸಂತೆಗೆ ಜೇನು ಒಯ್ದು ತನ್ನ ಹೊಟ್ಟೆಗೆ ತಾನೇ ಜೋಳ ತರೋಳು. ಆ ಸಂತೆಯಲ್ಲಿ ಅವಳು ಯಾರ ಮಗಳು ಅಂತ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಅವಳ ಜೊತೆ ಕೂತು ಜನ ಮಾತಾಡ್ತಿದ್ರು, ನೀರು ಕೊಟ್ರೆ ಕುಡೀತಿದ್ರು.

ಈಗ ಕೇಳಿ, ಕಷ್ಟ ಶುರುವಾಗಿದ್ದು ಎಲ್ಲಿಂದ ಅಂತ. ಹಲಗವ್ವನ ಕೈ ನಡುಗೋಕೆ ಶುರುವಾಯ್ತು. ಒಂದಿನ ಯಾರೋ ಸುರಿದ ರಾಗಿ ಅಂಗೈಯಲ್ಲಿ ನಿಲ್ಲದೆ ನೆಲಕ್ಕೆ ಚೆಲ್ಲಿಬಿಡ್ತು. ಅಲ್ಲೇ ಮೇಯ್ತಿದ್ದ ಗೌಡರ ಮನೆ ಹ್ಯಾಟೆಕೋಳಿ ಬಂದು ಕುಟುಕುಟು ಅಂತ ಹೆಕ್ಕಿಬಿಡ್ತು.

ಅಯ್ಯಯ್ಯೋ, ಏನು ಗದ್ದಲ ಅಂತೀರಿ. ಊರೆಲ್ಲಾ ಹ್ಯಾಟೆ ಹಿಂದೆ ಓಡ್ತು. ಯಾರ ಪಾಪ ತಿಂದಿದೆ? ಈಗ ಇದನ್ನ ಕೊಯ್ದು ತಿಂದ್ರೆ ಪಾಪ ಯಾರಿಗೆ? ಮೊಟ್ಟೆ ಇಟ್ರೆ ಮೊಟ್ಟೆಗೂ ಬರುತ್ತಾ? ಮರಿ ಬಂದ್ರೆ ಮರಿಗೂ ಪಾಲಾ? ಸಂಜೆ ತನಕ ಪಂಚಾಯ್ತಿ. ಹ್ಯಾಟೆ ಮಾತ್ರ ತಿಪ್ಪೆ ಕೆದರ್ತಾ ಇತ್ತು. ಮಾರನೇ ಬೆಳಿಗ್ಗೆ ಎಂದಿನಂಗೆ ಮೊಟ್ಟೆ ಇಟ್ಟು ಕೂಗ್ತು.

ನಗ್ತೀರಾ? ನಗಿ. ಹಲಗವ್ವ ನಗಲಿಲ್ಲ. ಯಾಕಂದ್ರೆ ಪಂಚಾಯ್ತಿ ಕೊನೆಗೆ ಊರ ಗೌಡ ಎದ್ದು ಹೇಳಿದ: "ಹಿಡಿಯವ್ವನ ಕೈ ಸೋತಿದೆ. ರಾಗಿ ನೆಲಕ್ಕೆ ಬಿದ್ರೆ ಪಾಪ ಊರಲ್ಲಿ ಹರಿದಾಡುತ್ತೆ. ಬರೋ ಹುಣ್ಣಿಮೆಗೆ ಮಗಳನ್ನ ಮಣೆ ಮೇಲೆ ಕೂರಿಸಬೇಕು."

ಮಣೆ ಮೇಲೆ ಕೂರೋದು ಅಂದ್ರೆ ಏನು ಗೊತ್ತಾ? ಮಂಚಿ ಇನ್ನು ಸಂತೆಗೆ ಹೋಗೋ ಹಂಗಿಲ್ಲ. ಮದುವೆ ಇಲ್ಲ. ಪಾಪದ ರಾಗಿ ಬಿಟ್ಟು ಬೇರೆ ಊಟ ಇಲ್ಲ. ಅದರ ಮೇಲೆ ಇನ್ನೊಂದು ಕಟ್ಟಳೆ: ಹೊಸಬಳು ಮೊದಲ ಹಿಡಿ ಈಸ್ಕೊಂಡ ಗಳಿಗೆಗೆ, ಹಳಬಳ ಹೊಟ್ಟೆಯಲ್ಲಿರೋ ಅಷ್ಟೂ ಪಾಪ ಹೊಸಬಳ ಹೊಟ್ಟೆಗೆ ಇಳಿಯುತ್ತಂತೆ. ಹಲಗವ್ವನಿಗೆ ಎದೆ ಒಡೆದಿದ್ದು ಅಲ್ಲಿ. ನರಕಕ್ಕೆ ತಾನು ಹೋಗೋದಕ್ಕೆ ಒಪ್ಪಿದ್ಲು. ಮಗಳನ್ನ ಕಳಿಸೋದಕ್ಕೆ ಒಪ್ಪೋದು ಹೆಂಗೆ?

"ಓಡಿ ಹೋಗು ಮಗ" ಅಂದ್ಲು.

"ನೀನು?" ಅಂದ್ಲು ಮಂಚಿ.

"ನಾನು ಇರ್ತೀನಿ."

"ನಾನು ಓಡಿದ್ರೆ ಊರೋರು ನಿನ್ನ ಬಿಡ್ತಾರಾ ಅವ್ವ? ನಿನ್ನ ಕೂಡಿಹಾಕಿ ನನ್ನ ಹುಡುಕ್ತಾರೆ. ಸುಮ್ನಿರು. ಕೂರ್ತೀನಿ ಬಿಡು." ಅಂತ ಹುಡುಗಿ ಸೌದೆ ಒಡೆಯೋಕೆ ಹೋದ್ಲು. ಆವತ್ತಿಂದ ಅವಳು ನಗೋದು ನಿಲ್ತು.

ಹೂಂ ಅನ್ರೋ ಯಾರಾದ್ರೂ. ಹಾಂ.

ಇದೇ ಹೊತ್ತಿಗೆ ಆ ಊರಿಗೆ ಒಬ್ಬ ಬಿಕ್ಕು ಬಂದ. ಬುದ್ಧಗುರುವಿನ ದಾರಿ ಹಿಡಿದವನು. ಬೋಳು ತಲೆ, ಮಾಸಿದ ಕಾವಿ, ಕೈಯಲ್ಲಿ ಒಂದು ಕರೀ ಬಟ್ಟಲು. ತೇಜಸ್ಸು ಗೀಜಸ್ಸು ಏನೂ ಇರಲಿಲ್ಲ, ಆಸೆ ಇಟ್ಕೋಬೇಡಿ. ವಯಸ್ಸಾದವನು. ಕಾಲಿಗೆ ಮುಳ್ಳು ಹೊಕ್ಕು ಕೀವು ಕಟ್ಟಿತ್ತು. ಕುಂಟ್ತಾ ಬಂದು ಊರ ಹೊರಗಿನ ಹಾಳು ಮಂಟಪದಲ್ಲಿ ಬಿದ್ಕೊಂಡ. ಕಾಲು ವಾಸಿ ಆಗೋ ತನಕ ಇಲ್ಲೇ ಅಂದ.

ಬಿಕ್ಕುಗಳದ್ದು ಒಂದು ಪದ್ಧತಿ ಇದೆ. ಭಿಕ್ಷೆಗೆ ಹೊರಟ್ರೆ ಸಾಲಾಗಿ ಮನೆಮನೆಗೂ ಹೋಗಬೇಕು. ಇದು ಉಳ್ಳೋರ ಮನೆ, ಇಲ್ಲಿ ನಿಲ್ಲೋಣ, ಇದು ಇಲ್ಲದೋರ ಮನೆ, ಬಿಟ್ಟು ಹೋಗೋಣ ಅನ್ನೋ ಹಂಗಿಲ್ಲ. ಬಾಗಿಲಲ್ಲಿ ಸುಮ್ನೆ ನಿಲ್ಲಬೇಕು. ಕೊಟ್ರೆ ಸರಿ, ಕೊಡದಿದ್ರೂ ಸರಿ. ಹಂಗೆ ಸಾಲು ಹಿಡಿದು ಬಂದವನು ಕೊನೆಗೆ ಹಲಗವ್ವನ ಗುಡಿಸಲಿಗೂ ಬಂದ.

ಮೊದಲನೇ ದಿನ ಹಲಗವ್ವ ಒಳಗಿಂದಲೇ ಕೂಗಿದ್ಲು: "ಮುಂದಕ್ಕೆ ಹೋಗಿ ಸಾಮಿ, ಇಲ್ಲಿ ಈಸ್ಕೊಳ್ಳೋ ಹಂಗಿಲ್ಲ." ಅವನು ಸ್ವಲ್ಪ ಹೊತ್ತು ನಿಂತ. ಹೋದ.

ಎರಡನೇ ದಿನ ಮತ್ತೆ ಬಂದ. ಇವಳು ಹೊರಗೆ ಬಂದ್ಲು. "ಸಾಮಿ, ನಿಮಗೆ ಯಾರೂ ಹೇಳಲಿಲ್ವಾ? ಇದು ಹಿಡಿಯವ್ವನ ಮನೆ. ಇಲ್ಲಿರೋದು ಪಾಪದ ರಾಗಿ. ಇವತ್ತಿಂದು ಯಾರದು ಗೊತ್ತಾ? ಅಣ್ಣನ ಹೊಲದ ಬದು ಒತ್ತಿದವನದು."

"ರಾಗಿ ಹೊಲದ್ದು ತಾಯಿ" ಅಂದ ಬಿಕ್ಕು. "ಬದು ಒತ್ತಿದ್ದು ಅವನದ್ದು. ಎರಡೂ ಒಂದೇ ಅಂತ ಹೇಳಿದ್ದು ಯಾರು?"

"ನಮ್ಮ ಹಿಂದಿನೋರು."

"ಇರಬಹುದು. ನಂಗೆ ಹಸಿವಾಗಿದೆ. ಕಾಲು ನೋಯ್ತಿದೆ. ನಿಂಗೆ ಕೊಡೋ ಮನಸ್ಸಿದ್ರೆ ಕೊಡು, ಇಲ್ದಿದ್ರೆ ಹೋಗ್ತೀನಿ."

ಹಲಗವ್ವ ಅವನ ಕಾಲು ನೋಡಿದ್ಲು. ಮುಖ ನೋಡಿದ್ಲು. ತನ್ನಂಗೇ ಸುಸ್ತಾದ ಇನ್ನೊಂದು ಮುಖ ನೋಡಿ ಅವಳಿಗೆ ಎಷ್ಟು ಕಾಲ ಆಗಿತ್ತೋ. ಒಳಗೆ ಹೋದ್ಲು, ಅಂಬಲಿ ತಂದ್ಲು, ಕಣ್ಣು ಮುಚ್ಚಿ ಬಟ್ಟಲಿಗೆ ಸುರಿದ್ಲು. ಅವನು ಅಲ್ಲೇ ಜಗಲಿ ಮೇಲೆ ಕೂತು ಕುಡಿದ. ಇವಳು ಕಂಬ ಹಿಡ್ಕೊಂಡು ನಿಂತು ನೋಡಿದ್ಲು. ಈಗ ಬೀಳ್ತಾನೆ, ಈಗ ಕಪ್ಪಾಗ್ತಾನೆ, ಈಗ ಏನೋ ಆಗುತ್ತೆ ಅಂತ.

ಏನಾಯ್ತು? ಬಾಯಿ ಒರೆಸ್ಕೊಂಡ. "ಉಪ್ಪು ಸಾಲದು ತಾಯಿ" ಅಂದ. ಎದ್ದು ಕುಂಟ್ತಾ ಹೋದ.

ಆವತ್ತು ಹಲಗವ್ವ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮಗಳನ್ನ ಮಂಟಪಕ್ಕೆ ಕಳಿಸಿ ನೋಡಿಸಿದ್ಲು. ಬಿಕ್ಕು ಏನು ಮಾಡ್ತಿದ್ದಾನೆ? ಕಾಲಿಗೆ ಬೇವಿನ ಸೊಪ್ಪು ಕಟ್ಕೊಂಡು ಕಣ್ಣು ಮುಚ್ಚಿ ಕೂತಿದ್ದಾನೆ ಅಂದ್ಲು ಮಂಚಿ. ಚೆನ್ನಾಗೇ ಇದ್ದಾನೆ.

ಮೂರನೇ ದಿನ ಅವನು ಬರೋ ಹೊತ್ತಿಗೆ ಇವಳೇ ಬಾಗಿಲಲ್ಲಿ ಕಾಯ್ತಿದ್ಲು. ಅಂಬಲಿಗೆ ಉಪ್ಪು ಹಾಕಿದ್ಲು. ಅವನು ಕುಡಿದು ಮುಗಿಸೋ ತನಕ ಸುಮ್ನಿದ್ದು, ಆಮೇಲೆ ಎಲ್ಲಾ ಹೇಳ್ಕೊಂಡ್ಲು. ಕಟ್ಟಳೆ ಹೇಳಿದ್ಲು, ಕಿವಿಯಲ್ಲಿ ಕೇಳೋ ಪಿಸುಪಿಸು ಹೇಳಿದ್ಲು, ಹುಣ್ಣಿಮೆ ಹತ್ರ ಬಂತು ಅಂದ್ಲು. "ನನ್ನ ಹೊಟ್ಟೆಯಲ್ಲಿರೋದು ಮಗಳಿಗೆ ಹೋಗದಂಗೆ ಏನಾದ್ರೂ ಮಾಡಿ ಸಾಮಿ. ಮಂತ್ರ ಇದ್ರೆ ಹಾಕಿ. ಬೇಕಾದ್ರೆ ನನ್ನ ಇವತ್ತೇ ಸಾಯಿಸಿ."

ಬಿಕ್ಕು ಕಾಲು ಸವರ್ಕೊಂಡ. "ಮಂತ್ರ ನಂಗೆ ಬರಲ್ಲ ತಾಯಿ. ಕೇಳಿದ್ದಕ್ಕೆ ಉತ್ತರ ಹೇಳು. ನಿನ್ನ ಮಗಳಿಗೆ ಹಸಿವಾಗಿ ನೀನು ಉಂಡ್ರೆ ಅವಳ ಹಸಿವು ಹೋಗುತ್ತಾ?"

"ಇಲ್ಲ ಸಾಮಿ."

"ಮಗಳಿಗೆ ಜ್ವರ ಬಂದು ನೀನು ಕಷಾಯ ಕುಡಿದ್ರೆ ಜ್ವರ ಬಿಡುತ್ತಾ?"

"ಇಲ್ಲ."

"ಮಗಳು ನಿದ್ದೆಗೆಟ್ಟು ನೀನು ಮಲಗಿದ್ರೆ ಅವಳ ಕಣ್ಣುರಿ ಕಡಿಮೆ ಆಗುತ್ತಾ?"

"ಅದು ಹೆಂಗಾಗುತ್ತೆ."

"ಹೊತ್ತು ಹೆತ್ತ ಮಗಳ ಹಸಿವನ್ನೇ ನಿನ್ನ ಹೊಟ್ಟೆಗೆ ತಗೊಳ್ಳೋಕೆ ಆಗಲಿಲ್ಲ. ಗಾಣದ ಮಾಯಿಗನ ಪಾಪ ಹೆಂಗೆ ತಗೊಂಡೆ?"

ಹಲಗವ್ವ ಜಗಲಿ ಅಂಚಿಗೆ ಬಂದು ಕೂತ್ಲು.

"ಪಾಪ ಅನ್ನೋದು ರಾಗಿಯಲ್ಲಿ ಇರಲ್ಲ ತಾಯಿ. ಹೊಡೀಬೇಕು ಅಂತ ಮೊದಲು ಅವನ ಮನಸ್ಸು ಎದ್ದಿದ್ದು, ಆಮೇಲೆ ಕೈ ಎದ್ದಿದ್ದು. ಆ ಮನಸ್ಸು ಅವನ ಜೊತೆಗೇ ಮನೆಗೆ ಹೋಯ್ತು. ನಿನ್ನ ಹತ್ರ ಉಳಿದಿದ್ದು ಕಿವಿಗೆ ಬಿದ್ದ ಮಾತು. ಕೇಳಿಸ್ಕೊಂಡಿದ್ದು ಬೇರೆ, ಮಾಡಿದ್ದು ಬೇರೆ. ಮಾಡಿದೋರದ್ದು ಮಾಡಿದೋರ ಬೆನ್ನಿಗೇ ಇರುತ್ತೆ. ಇದನ್ನ ದಾನ ಕೊಡೋಕೂ ಆಗಲ್ಲ, ಕದಿಯೋಕೂ ಆಗಲ್ಲ."

ಈಗ ನೀವು ಏನಂದ್ಕೊಳ್ತೀರಿ? ಹಲಗವ್ವ ಕುಣಿದಾಡಿದ್ಲು ಅಂತನಾ? ಇಲ್ಲಪ್ಪ. ಅವಳಿಗೆ ಸಿಟ್ಟು ಬಂತು. ಸಿಟ್ಟು ಅಂದ್ರೆ ಅಷ್ಟಿಷ್ಟಲ್ಲ, ಅಂಗಾಲಿಂದ ಹತ್ತಿ ಗಂಟಲಿಗೆ ಬಂತು. "ಹಂಗಾದ್ರೆ ನಾನು ಇಷ್ಟು ಕಾಲ ಒಬ್ಬಳೇ ಕೂತಿದ್ದು ಯಾಕೆ? ಯಾರೂ ಮುಟ್ಟದೆ, ಮಾತಾಡಿಸದೆ, ಒಂದು ಹಬ್ಬದೂಟ ಕಾಣದೆ? ಸುಮ್ನೇನಾ? ಯಾವ ಪ್ರಯೋಜನಕ್ಕೂ ಅಲ್ವಾ?" ಅಂದ್ಲು. ಅಂದು ಅತ್ತುಬಿಟ್ಲು. ನರಕಕ್ಕೆ ಹೋಗ್ತೀನಿ ಅಂದ್ಕೊಂಡಾಗಲೂ ಅಳದೋಳು ಆವತ್ತು ಅತ್ಲು.

ಬಿಕ್ಕು ಸಮಾಧಾನ ಮಾಡಲಿಲ್ಲ. ಅವಳು ಅತ್ತು ಮುಗಿಸೋ ತನಕ ಕೂತಿದ್ದ.

ಆಮೇಲೆ ಅವಳು ಕಣ್ಣೊರೆಸ್ಕೊಂಡು ಕೇಳಿದ್ಲು: "ಹೋಗಲಿ ಬಿಡಿ. ಹಂಗಾದ್ರೆ ನನ್ನ ಮೇಲೆ ಏನೂ ಇಲ್ಲ. ಅಷ್ಟು ಸಾಕು ನಂಗೆ. ಅಲ್ವಾ ಸಾಮಿ?"

ಬಿಕ್ಕು ಬಟ್ಟಲು ಕೆಳಗಿಟ್ಟ. "ಹಿಡಿ ಕೊಟ್ಟೋರು ಆಮೇಲೆ ಏನು ಮಾಡ್ತಿದ್ರು ತಾಯಿ?"

"ಮನೆಗೆ ಹೋಗ್ತಿದ್ರು."

"ಆಮೇಲೆ?"

"ಚೆನ್ನಾಗಿ ನಿದ್ದೆ ಮಾಡ್ತಿದ್ರು. ಹಂಗಂತ ಅವರೇ ಹೇಳ್ತಿದ್ರು."

"ಆಮೇಲೆ?"

"ಮತ್ತೆ ಬರ್ತಿದ್ರು." ಅಂದ್ಲು ಹಲಗವ್ವ.

ಮಾಯಿಗ ಕಣ್ಣ ಮುಂದೆ ಬಂದ. ಮಾಯಿಗನ ಹೆಂಡತಿ ಸಿಂಗ್ರಿ ಬಂದ್ಲು. ಮದುವೆಯಾಗಿ ಬಂದ ಹೊಸದರಲ್ಲಿ ಆ ಹುಡುಗಿಗೆ ಎರಡೂ ಕಿವಿ ಚೆನ್ನಾಗಿ ಕೇಳ್ತಿತ್ತು. ಈಗ ಒಂದು ಕೇಳಲ್ಲ. ಯಾಕೆ ಕೇಳಲ್ಲ ಅನ್ನೋದು ಹಲಗವ್ವನಿಗೆ ಗೊತ್ತು, ಯಾಕಂದ್ರೆ ಆ ಹೊಡೆತದ ರಾಗಿಯನ್ನ ಅವಳೇ ಬೀಸಿ ಉಂಡಿದ್ಲು. ಒಂದು ಸಲ, ಒಂದೇ ಒಂದು ಸಲ, "ಈಸ್ಕೊಳ್ಳಲ್ಲ ಮಾಯಿಗ, ನೀನೇ ಹೊತ್ಕೊಂಡು ಹೋಗು" ಅಂದಿದ್ರೆ? ಅವನು ಎರಡು ರಾತ್ರಿ ನಿದ್ದೆಗೆಟ್ಟಿದ್ರೆ? ಅನ್ನಲಿಲ್ಲ ಅವಳು. ಯಾಕೆ ಅನ್ನಲಿಲ್ಲ? ಕಟ್ಟಳೆ ಅಂತ. ಅದು ಅರ್ಧ. ಇನ್ನರ್ಧ ಹಸಿವು. ಅವನ ಹಿಡಿ ದೊಡ್ಡದಿತ್ತು.

ಊರವರ ಪಾಪ ಒಂದೂ ಅವಳದಾಗಿರಲಿಲ್ಲ. ಆದ್ರೆ ಇದು ಅವಳದ್ದು. ಯಾರೂ ಕೊಟ್ಟಿದ್ದಲ್ಲ, ತಾನೇ ಮಾಡಿದ್ದು. ಇದರ ತೂಕ ಬೇರೆ ಇತ್ತು.

"ಏನು ಮಾಡ್ಲಿ?" ಅಂದ್ಲು.

"ನಂಗೆ ಗೊತ್ತಿಲ್ಲ ತಾಯಿ. ನಿಂಗೆ ಗೊತ್ತಾಗುತ್ತೆ" ಅಂದ. ಬಟ್ಟಲು ತಗೊಂಡು ಎದ್ದ. ಕಾಲು ಸ್ವಲ್ಪ ವಾಸಿಯಾಗಿತ್ತು, ಮಾರನೇ ಬೆಳಿಗ್ಗೆ ಮಂಟಪ ಖಾಲಿ. ಈ ದೊಡ್ಡೋರೆಲ್ಲಾ ಹಿಂಗೇ ನೋಡಿ. ಗಾಯ ಬಿಚ್ಚಿ ತೋರಿಸ್ತಾರೆ, ಎದ್ದು ಹೋಗ್ತಾರೆ. ಔಷಧಿ ಅರೆಯೋ ಕೆಲಸ ನಮ್ಮದೇ.

ಹುಣ್ಣಿಮೆ ಬಂತು. ಊರ ಮುಂದಿನ ಬಯಲಲ್ಲಿ ಹೊತ್ತು ನೆತ್ತಿಗೆ ಬರೋ ಮುಂಚೆ ಜನ ಸೇರಿದ್ರು. ಮಣೆ ಹಾಕಿದ್ರು. ಮಂಚಿಯನ್ನ ಮೀಯಿಸಿ, ಬಿಳೀ ಸೀರೆ ಉಡಿಸಿ ಮಣೆ ಮೇಲೆ ಕೂರಿಸಿದ್ರು. ಹುಡುಗಿ ಬಲಗೈ ಮುಂದೆ ಚಾಚಿ ಕೂತ್ಲು. ಯಾರನ್ನೂ ನೋಡಲಿಲ್ಲ. ಹಲಗವ್ವ ಪಕ್ಕದಲ್ಲಿ ನಿಂತಿದ್ಲು. ಮೂರು ದಿನದಿಂದ ಏನು ಮಾಡಬೇಕು ಅಂತ ಯೋಚಿಸಿದ್ಲು, ಯಾವುದೂ ಹೊಳೆದಿರಲಿಲ್ಲ.

"ಮೊದಲ ಹಿಡಿ ಯಾರದು?" ಅಂದ ಗೌಡ.

"ನಂದು" ಅಂತ ಮುಂದೆ ಬಂದವನು ಗಾಣದ ಮಾಯಿಗ. ಮುಷ್ಟಿ ತುಂಬಾ ರಾಗಿ. ಮಂಚಿ ಹತ್ರ ಬಗ್ಗಿ ಅವಳ ಕಿವಿಯಲ್ಲಿ ಪಿಸುಗುಟ್ಟಿದ.

ಹಲಗವ್ವ ಮಗಳ ಮುಖವನ್ನೇ ನೋಡ್ತಿದ್ಲು. ಪಾಪದ ಮಾತು ಅಂದ್ರೆ ಏನು ಅಂತ ಕೇಳೇ ಅರಿಯದ ಮುಖ ಅದು. ಮಾಯಿಗ ಹೇಳ್ತಾ ಹೋದಂಗೆ ಅದು ಬಿಳಿಚ್ಕೊಳ್ತು. ಹುಡುಗಿ ಜನದ ನಡುವೆ ಕಣ್ಣಾಡಿಸಿ ಸಿಂಗ್ರಿಯನ್ನ ಹುಡುಕಿದ್ಲು. ಸಿಂಗ್ರಿ ಬಂದಿರಲಿಲ್ಲ. ಹಿಂದಿನ ದಿನ ಮಾಯಿಗ ಅವಳ ಕೈ ಮುರಿದಿದ್ದ.

"ಹೇಳು ಮಗಳೇ" ಅಂದ ಗೌಡ. "ನನ್ನದಾಯ್ತು ಅನ್ನು."

ಮಂಚಿ ಬಾಯಿ ತೆರೆದ್ಲು. ಮಾಯಿಗ ಮುಷ್ಟಿ ಸಡಿಲ ಮಾಡೋಕೆ ಹೋದ. ಅಷ್ಟರಲ್ಲಿ ಹಲಗವ್ವ ಬಗ್ಗಿ ಮಗಳ ಅಂಗೈಯನ್ನ ತನ್ನ ಎರಡೂ ಕೈಯಲ್ಲಿ ಮುಚ್ಚಿಬಿಟ್ಲು.

"ಬೇಡ" ಅಂದ್ಲು. "ಇದು ಅವಳದಲ್ಲ. ನಂದೂ ಅಲ್ಲ. ಮಾಯಿಗ, ನಿಂದು ನೀನು ತಗೊಂಡು ಹೋಗು."

ಗೌಡ ಮಣೆ ಹತ್ರಕ್ಕೆ ಬಂದ. "ಹಿಡಿಯವ್ವ, ತಲೆ ಕೆಟ್ಟಿದೆಯಾ? ಇಷ್ಟು ವರ್ಷ ಊರಿನ ಪಾಪ ಉಂಡೋಳು ನೀನು."

"ನಾನು ಉಂಡಿದ್ದು ರಾಗಿ ಗೌಡ್ರೆ" ಅಂದ್ಲು ಹಲಗವ್ವ. ದನಿ ಎತ್ತಲಿಲ್ಲ. ಎತ್ತೋಕೆ ಶಕ್ತಿಯೂ ಇರಲಿಲ್ಲ. "ಬರೀ ರಾಗಿ. ಹೊಟ್ಟೆ ತುಂಬ್ತು, ಮತ್ತೆ ಹಸೀತು. ನಿಮ್ಮದು ನಿಮ್ಮ ಹತ್ರಾನೇ ಇದೆ. ಮೊದಲಿಂದಲೂ ಅಲ್ಲೇ ಇತ್ತು. ನಂಗೂ ಗೊತ್ತಿರಲಿಲ್ಲ."

ಅಲ್ಲಿಗೆ ಮಾತು ಜನರ ಒಳಗೆ ಇಳೀತು. ನಿಧಾನವಾಗಿ ಇಳೀತು. ನಿಮ್ಮದು ನಿಮ್ಮ ಹತ್ರಾನೇ ಇದೆ ಅಂದ್ರೆ? ಹೋದ ವರ್ಷದ್ದಾ? ಹೋದ ವರ್ಷದ್ದೂ. ಹತ್ತು ವರ್ಷದ ಹಿಂದಿನದಾ? ಅದೂ. ಅಣ್ಣನ ಬದು ಒತ್ತಿದವನು ಅಣ್ಣನ ಕಡೆ ನೋಡದೆ ಮುಖ ತಿರುಗಿಸ್ದ. ಹಿಂದೆ ಯಾವಾಗಲೋ ಅತ್ತೆಯನ್ನ ಉಪವಾಸ ಕೆಡವಿದ್ದ ಹೆಂಗಸು ಈಗ ತಾನೇ ಮುದುಕಿ, ಅವಳು ಅಲ್ಲೇ ಕುಸಿದು ಕೂತು ಬಾಯಿಗೆ ಸೆರಗು ಒತ್ಕೊಂಡ್ಲು. ಅತ್ತೆ ಸತ್ತು ಎಷ್ಟೋ ಕಾಲ. ಹೋಗಿ ಕೇಳೋಣ ಅಂದ್ರೆ ಯಾರನ್ನ ಕೇಳ್ತಾಳೆ?

ಅಳೋರು ಅತ್ರು, ಉಳಿದೋರಿಗೆ ಸಿಟ್ಟು ಬಂತು. "ಸುಳ್ಳು ಹೇಳ್ತಾಳೆ. ಮಗಳನ್ನ ಉಳಿಸ್ಕೊಳ್ಳೋಕೆ ಊರಿಗೇ ಶಾಪ ಹಾಕ್ತಾಳೆ." ಹಂಗೆ ಕೂಗಿದವನು ಮಾಯಿಗ. ಬಗ್ಗಿ ಒಂದು ಕಲ್ಲು ತಗೊಂಡ. ಎಡಗೈಯಲ್ಲಿ ರಾಗಿ, ಬಲಗೈಯಲ್ಲಿ ಕಲ್ಲು. ಕೈ ಎತ್ತಿದ. ಮಂಚಿ ಅವ್ವನ ಮುಂದೆ ಬಂದು ನಿಂತ್ಲು.

ಹೊಡೆದನಾ?

ಕೇಳಿ. ಅವನು ಅಷ್ಟು ವರ್ಷ ಹೊಡೆದಿದ್ದು ಹೆಂಗೆ? ಹೊಡೆದ ಮೇಲೆ ಹಿಡಿ ರಾಗಿ ಹಿಡ್ಕೊಂಡು ಹೋಗೋಕೆ ಒಂದು ಬಾಗಿಲಿತ್ತು. ಈಗ ಈ ಕಲ್ಲು ಎಸೆದ್ರೆ ಆಮೇಲೆ ಯಾವ ಬಾಗಿಲಿಗೆ ಹೋಗೋದು? ಎತ್ತಿದ ಕೈ ಎತ್ತಿದಂಗೇ ಇಟ್ಕೊಂಡು ಸುತ್ತ ನೋಡಿದ. ಗೌಡನ ಕಡೆ ನೋಡಿದ, ಗೌಡ ಎರಡು ಹೆಜ್ಜೆ ಹಿಂದಕ್ಕೆ ಹೋದ. ತನ್ನ ತಮ್ಮನ ಕಡೆ ನೋಡಿದ, ತಮ್ಮ ಕೈ ಬೆನ್ನ ಹಿಂದೆ ಕಟ್ಕೊಂಡ. ನೆರೆಮನೆಯವನ ಕಡೆ ನೋಡಿದ, ಅವನು ಅಲ್ಲಿರಲೇ ಇಲ್ಲ. ಆ ಹಿಡಿ ರಾಗಿ ಈಸ್ಕೊಳ್ಳೋಕೆ ಆ ಬಯಲಲ್ಲಿ ಒಂದೇ ಒಂದು ಅಂಗೈ ಸಿಗಲಿಲ್ಲ.

ಕಲ್ಲು ಕೆಳಗೆ ಬಿತ್ತು. ರಾಗಿ ಮುಷ್ಟಿಯಲ್ಲೇ ಉಳೀತು. ಮಾಯಿಗ ತುಂಬಾ ಹೊತ್ತು ಹಂಗೇ ನಿಂತಿದ್ದ ಅಂತಾರೆ. ಆಮೇಲೆ ಹೋದ. ಸಿಳ್ಳೆ ಇರಲಿಲ್ಲ.

ಊರು ಆವತ್ತಿಂದ ಒಳ್ಳೇದಾಯ್ತಾ ಅಂತ ಕೇಳ್ಬೇಡಿ. ಅಷ್ಟು ಸುಲಭ ಆಗಿದ್ರೆ ನಾವೆಲ್ಲಾ ಯಾವತ್ತೋ ಒಳ್ಳೇವರಾಗಿರ್ತಿದ್ವಿ. ತಪ್ಪು ಮಾಡೋರು ಮಾಡ್ತಾನೇ ಇದ್ರು. ಆದ್ರೆ ಮಾಡಿದ್ದರ ಜೊತೆ ಒಂದೇ ಚಾಪೆ ಮೇಲೆ ಮಲಗಬೇಕಾಗಿತ್ತು. ನಿದ್ದೆ ಬರದೋರು ಬೆಳಿಗ್ಗೆ ಎದ್ದು, ಯಾರಿಗೆ ತಪ್ಪು ಮಾಡಿದ್ರೋ ಅವರ ಬಾಗಿಲಿಗೇ ಹೋಗಿ ನಿಲ್ತಿದ್ರು. ಎಲ್ಲರೂ ಅಲ್ಲ. ಕೆಲವರು.

ಮೊದಲು ಹೋದೋಳು ಹಲಗವ್ವ.

ಬಯಲಿಂದ ನೇರ ಸಿಂಗ್ರಿ ಮನೆಗೆ ಹೋದ್ಲು. ಮಾಯಿಗ ಗಾಣದ ಹಿಂದೆ ಎಲ್ಲೋ ಕೂತಿದ್ದ, ಮನೆಗೆ ಬಂದಿರಲಿಲ್ಲ. ಸಿಂಗ್ರಿ ಗೋಡೆಗೆ ಒರಗಿ ಕೂತಿದ್ಲು. ಮುರಿದ ಕೈಗೆ ಬಿದಿರ ದಬ್ಬೆ ಇಟ್ಟು ಬಟ್ಟೆ ಸುತ್ತಿತ್ತು. ಹಲಗವ್ವ ಹೊಸಿಲಾಚೆಗೇ ನಿಂತ್ಲು. ಮಣೆ ಏರಿದ ಮೇಲೆ ಒಂದು ಸಲವೂ ಯಾರ ಹೊಸಿಲೂ ದಾಟಿದೋಳಲ್ಲ.

"ನಿಂಗೆ ಒಂದು ಮಾತು ಹೇಳಬೇಕು ಸಿಂಗ್ರಿ" ಅಂತ ಮೆಲ್ಲಗೆ ಅಂದ್ಲು.

"ಜೋರಾಗಿ ಹೇಳವ್ವ. ಈ ಕಿವಿ ಕೇಳಲ್ಲ."

ಹಲಗವ್ವ ಜೋರಾಗಿ ಹೇಳಿದ್ಲು. ಬೀದಿಗೆಲ್ಲಾ ಕೇಳೋ ಹಂಗೆ ಹೇಳಿದ್ಲು. "ನಿನ್ನ ಗಂಡ ಹೊಡೆದಾಗೆಲ್ಲಾ ನನ್ನ ಹತ್ರ ಬರ್ತಿದ್ದ. ನೀ ಹೋಗು ಅಂತ ಕಳಿಸ್ತಿದ್ದೆ. ಮತ್ತೆ ಹೊಡೀತಾನೆ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಅವನ ರಾಗಿ ಉಂಡೆ. ನನ್ನ ತಪ್ಪಾಯ್ತು."

ಸಿಂಗ್ರಿ ಮುರಿದ ಕೈಯನ್ನ ಮಡಿಲಿಗೆ ಎಳ್ಕೊಂಡ್ಲು. ಆಮೇಲೆ ಹೇಳಿದ್ಲು: "ನಿನ್ನ ಹತ್ರ ಹೋಗಿ ಬಂದ ದಿನ ಅವನು ನಗ್ತಾ ಬರ್ತಿದ್ದ. ನಂಗೆ ಹೂವು ತರ್ತಿದ್ದ. ಹೊಡೆತಕ್ಕಿಂತ ಆ ಹೂವು ಕಂಡ್ರೆ ನಂಗೆ ಜಾಸ್ತಿ ಭಯ ಆಗ್ತಿತ್ತು ಅವ್ವ. ಇವನಿಗೆ ಎಲ್ಲಾ ಮರೆತು ಹೋಯ್ತು, ಇನ್ನು ಮೊದಲಿಂದ ಶುರು ಅಂತ."



"ಹೋಗಲಿ ಬಿಡು ಅಂತ ನನ್ನ ಬಾಯಲ್ಲಿ ಬರಲ್ಲ" ಅಂದ್ಲು ಸಿಂಗ್ರಿ. "ನಂಗೆ ಸಾಕಾಗಿದೆ. ಕ್ಷಮಿಸೋಕೂ ತ್ರಾಣ ಬೇಕು. ಮನೆಯಲ್ಲಿ ಹಿಟ್ಟಿಲ್ಲ, ನಿನ್ನೆಯಿಂದ ಒಲೆ ಹಚ್ಚಿಲ್ಲ. ಒಂದು ಕೈಯಲ್ಲಿ ಬೀಸೋಕಾಗಲ್ಲ."

ಹಲಗವ್ವ ಹೊಸಿಲು ನೋಡಿದ್ಲು. ಸಿಂಗ್ರಿ ಕಾಲು ಮಡಚ್ಕೊಂಡು ದಾರಿ ಬಿಟ್ಲು. ಹಲಗವ್ವ ಒಳಗೆ ಹೋಗಿ ಬೀಸೋಕಲ್ಲಿನ ಮುಂದೆ ಕೂತ್ಲು, ಮೊರದಿಂದ ರಾಗಿ ತುಂಬಿ ಗೂಟ ಹಿಡಿದ್ಲು. ಕೈ ನಡುಗ್ತಿತ್ತು. ಕಲ್ಲು ಒಂದು ಸುತ್ತು ತಿರುಗಿ ನಿಂತು ಹೋಯ್ತು. ಹಿಂದೆಯೇ ಬಂದಿದ್ದ ಮಂಚಿ ಎದುರಿಗೆ ಕೂತು ತಾನೂ ಗೂಟಕ್ಕೆ ಕೈ ಹಾಕಿದ್ಲು.

"ಬೇಡ ಮಗ" ಅಂದ್ಲು ಹಲಗವ್ವ. "ಇದನ್ನ ನಾನೇ ಬೀಸಬೇಕು. ನೀನು ಹೋಗು."

"ಎಲ್ಲಿಗೆ?"

ಎಲ್ಲಿಗೆ ಹೋಗ್ತೀಯ ಅಂತ ಹಲಗವ್ವನ ಕುಲದಲ್ಲಿ ಯಾವ ಹೆಣ್ಣಿಗೂ ಯಾರೂ ಕೇಳಿರಲಿಲ್ಲ, ಉತ್ತರ ಎಲ್ಲಿಂದ ಬರಬೇಕು? "ಎಲ್ಲಿಗಾದ್ರೂ" ಅಂದ್ಲು. ಮಂಚಿ ಎದ್ದು, ಆ ಬಿಳೀ ಸೀರೆಯನ್ನ ಮೊಣಕಾಲಿಗೆ ಎತ್ತಿ ಕಟ್ಕೊಂಡು ಹೊರಗೆ ಹೋದ್ಲು. ಮುದುಕಿ ಎರಡೂ ಕೈಯಲ್ಲಿ ಗೂಟ ಹಿಡಿದು ಮತ್ತೆ ತಿರುಗಿಸಿದ್ಲು. ಸಿಂಗ್ರಿ ಕೈ ಕೂಡೋ ತನಕ ದಿನಾ ಬಂದು ಬೀಸಿದ್ಲು. ಕೂಡಿದ ಮೇಲೂ ಬಂದ್ಲು. ಒಂದಿನವೂ ಸಿಂಗ್ರಿ ಅವಳಿಗೆ ಹೋಗಲಿ ಬಿಡು ಅನ್ನಲಿಲ್ಲ, ಒಂದಿನವೂ ಇವಳು ಕೇಳಲಿಲ್ಲ.

ಅವರ ಹಿಟ್ಟು ಅವರ ಮಡಕೆಗೆ, ನಮ್ಮ ಹುಣಸೆ ನಮ್ಮ ಮೊರಕ್ಕೆ. ಅವರು ಅಲ್ಲಿ ದಣಿದ್ರು, ನಾವು ಇಲ್ಲಿ ದಣಿದ್ವಿ. ಕತೆ ಹೇಳಿದೋಳಿಗೆ ಒಂದು ಲೋಟ ನೀರು ಕೊಟ್ಟು, ಎದ್ದು ಹೋಗ್ರವ್ವ.